ಹಲಾಲ್ ಮುದ್ರೆ ನೋಡಿದ ಮೇಲೆ ಇನ್ನೆರಡು ಸಾಲು ಓದಿ

ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಬರುವವರಿಗೆ ನಾನು ಹೇಳುವುದುಂಟು: ಮುಂದಿನ ಸಲ ರಕ್ತ ಪರೀಕ್ಷೆಯ ವರದಿಯ ಜೊತೆ ದಿನಸಿಯ ಚೀಲವನ್ನೂ ತನ್ನಿ. ಹಾಗೆ ಒಬ್ಬ ಯುವಕ ತನ್ನ ಉಮ್ಮನಿಗಾಗಿ ಕೊಂಡದ್ದನ್ನೆಲ್ಲ ತಂದು ಮೇಜಿನ ಮೇಲಿಟ್ಟ. ಉಮ್ಮನಿಗೆ ಸಕ್ಕರೆ ಕಾಯಿಲೆಯ ಜೊತೆ ರಕ್ತದೊತ್ತಡವಿದೆ, ಮೂತ್ರಪಿಂಡವೂ ದುರ್ಬಲ. ಚೀಲದಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಬಿಸ್ಕತ್ತು, ಜೇನಿನ ಬಾಟಲಿ, ಒಂದು ಕಿಲೋ ಖರ್ಜೂರ ಮತ್ತು ಸೋಡಿಯಂ ಕಡಿಮೆಯಿರುವ ಉಪ್ಪು ಇದ್ದವು. ಎಲ್ಲವೂ ಪ್ರೀತಿಯಿಂದ ತಂದದ್ದೇ.

ನನಗೆ ಹೆಚ್ಚು ಭಯವಾದದ್ದು ಉಪ್ಪಿನದು. ಅದರಲ್ಲಿ ಸೋಡಿಯಂ ತಗ್ಗಿಸಿ ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಮೂತ್ರಪಿಂಡ ಸರಿಯಿಲ್ಲದವರ ರಕ್ತದಲ್ಲಿ ಪೊಟ್ಯಾಸಿಯಂ ಉಳಿದುಬಿಟ್ಟರೆ ಹೃದಯದ ಬಡಿತವೇ ಏರುಪೇರಾಗಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಹೆಚ್ಚಿಸುತ್ತವೆ. ಈ ಉಪ್ಪನ್ನು ವೈದ್ಯರನ್ನು ಕೇಳದೆ ಕೊಳ್ಳಲೇಬಾರದು.

ಬಿಸ್ಕತ್ತಿನ ಪೊಟ್ಟಣದ ಹಿಂದೆ ಮೊದಲ ಹೆಸರೇ ಮೈದಾ. ಯಾವುದರ ತೂಕ ಹೆಚ್ಚೋ ಅದನ್ನೇ ಮೊದಲು ಮುದ್ರಿಸಬೇಕೆಂಬುದು ನಿಯಮ. ಸಕ್ಕರೆ ಸೇರಿಸದಿದ್ದರೇನು, ಮೈದಾ ಕೂಡ ರಕ್ತ ಸೇರುವುದು ಗ್ಲೂಕೋಸ್ ಆಗಿಯೇ. ಆದ್ದರಿಂದ ‘ಸಕ್ಕರೆ’ಯ ಸಾಲಿನೊಂದಿಗೆ ‘ಕಾರ್ಬೋಹೈಡ್ರೇಟ್’ ಸಾಲನ್ನೂ ಓದಬೇಕು. ನಮ್ಮವರಿಗೆ ಇದು ಕಷ್ಟವಲ್ಲ. ಜೆಲಾಟಿನ್ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರಗಳನ್ನು ಹುಡುಕುವವರು ನಾವು. ಆಹಾರ ಹಲಾಲ್ ಆಗಿದ್ದರೆ ಸಾಲದು, ತಯ್ಯಿಬ್ ಕೂಡ ಆಗಿರಬೇಕೆಂದು ಕಲಿತವರು. ಆದರೂ ನಮ್ಮ ಕಣ್ಣು ಹಸಿರು ಮುದ್ರೆಯಲ್ಲೇ ನಿಂತುಬಿಡುತ್ತದೆ.

ಜೇನು, ಖರ್ಜೂರಗಳ ಬಗ್ಗೆ ಮಾತಾಡುವಾಗ ಕೆಲವರಿಗೆ ಬೇಸರವಾಗುತ್ತದೆ. ಅವುಗಳ ಬರಕತ್ತನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ಇಫ್ತಾರ್‌ಗೆ ಒಂದು ಸಾಕು.

ನಮ್ಮ ಯುನಾನಿಯವರ ಪಾಲೂ ಇದರಲ್ಲಿದೆ. ಮಾಜೂನ್, ಖಮೀರಾ, ಜವಾರಿಶ್‌ಗಳು ಸಾಮಾನ್ಯವಾಗಿ ಸಕ್ಕರೆ ಅಥವಾ ಜೇನಿನ ಪಾಕದಲ್ಲೇ ತಯಾರಾಗುತ್ತವೆ. ‘ಶಕ್ತಿಗೆ’ ಎಂದು ಸ್ವತಃ ಕೊಂಡು ದಿನಾ ಚಮಚಗಟ್ಟಲೆ ತಿಂದು, ಸಕ್ಕರೆ ಇಳಿಯುತ್ತಿಲ್ಲವೆಂದು ದೂರುವವರನ್ನು ಕಂಡಿದ್ದೇನೆ. ಕುರ್ಸ್ ಅಥವಾ ಸಫೂಫ್ ರೂಪದಲ್ಲಿ ಸಿಗುತ್ತದೆಯೇ ಎಂದು ಹಕೀಮರನ್ನು ಕೇಳಿ. ಇನ್ಸುಲಿನ್, ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನನ್ನ ತಕರಾರಿರುವುದು ‘ಉಮ್ಮನ ಪೊಟ್ಟಣ’ ಎಂಬುದರ ಬಗ್ಗೆಯೇ. ಮನೆಮಂದಿಯೆಲ್ಲ ಪರೋಟ ತಿನ್ನುವಾಗ ಆಕೆ ಒಬ್ಬಳೇ ಮೂಲೆಯಲ್ಲಿ ಒಣ ಬಿಸ್ಕತ್ತು ಕಡಿಯುತ್ತಾ ಎಷ್ಟು ದಿನ ಕೂರಬಲ್ಲಳು? ದಿನಸಿಯ ಚೀಟಿ ಇಡೀ ಮನೆಗೆ ಒಂದೇ ಇರಲಿ. ಮೈದಾ, ಸಕ್ಕರೆ ಕಡಿಮೆಯಾಗಲಿ. ಹೆಸರುಕಾಳು, ಹುರುಳಿ, ಬಂಗುಡೆ, ತರಕಾರಿ ಹೆಚ್ಚಲಿ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಇವುಗಳಲ್ಲೂ ಅಳತೆಯಿದೆ, ಅದನ್ನು ಅವರ ವೈದ್ಯರೇ ಹೇಳಬೇಕು.

ಆ ಯುವಕ ಉಪ್ಪನ್ನು ಅಂಗಡಿಗೆ ಹಿಂತಿರುಗಿಸುತ್ತೇನೆಂದ. ಬಿಸ್ಕತ್ತನ್ನು ಮಕ್ಕಳಿಗೆ ಕೊಡಬಹುದೇ ಎಂದು ಕೇಳಿದ. ಅವರಿಗೂ ಬೇಡ ಎಂದೆ.