ಲೆಕ್ಕಕ್ಕೆ ಬಾರದ ನೋವು



ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ನೀರು ಎಷ್ಟು ಅಡಿ ಇದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಪೂರ್ಣ ಮಟ್ಟ 130 ಅಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. ಅಡಿಯ ಲೆಕ್ಕ ಇರುವುದರಿಂದಲೇ ನಾಲೆಗೆಷ್ಟು, ಕುಡಿಯುವುದಕ್ಕೆಷ್ಟು ಎಂದು ಕೇಳಲು ಸಾಧ್ಯ. ಅದೇ ಹಿರಿಯೂರಿನಲ್ಲಿ, ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಎಷ್ಟು ಹೆಂಗಸರು ಮನೆಯೊಳಗೆ ಏಟು ತಿಂದು ಬದುಕುತ್ತಿದ್ದಾರೆ?

ರಾಜ್ಯಕ್ಕೆ ಒಂದು ಉತ್ತರವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರು 2015-16ರಲ್ಲಿ ಶೇ. 20.6, 2019-20ರಲ್ಲಿ ಶೇ. 44.4. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ? ಎರಡೂ ಇರಬಹುದು. ಆದರೆ ಈ ಪ್ರಶ್ನೆ ಕೇಳುವುದು ಆಯ್ದ ಕೆಲವೇ ಮನೆಗಳಲ್ಲಿ. ಹಾಗಾಗಿ ಜಿಲ್ಲೆಯ ವರದಿಯಲ್ಲಿ ರಕ್ತಹೀನತೆಯ ಅಂಕಿ ಇದೆ, ಶೌಚಾಲಯದ್ದಿದೆ, ಹೊಡೆತದ್ದಿಲ್ಲ.

ಅಭಿವೃದ್ಧಿಯೆಂದರೆ ಬರೀ ಆದಾಯವಲ್ಲ, ಜನರ ನೆಮ್ಮದಿ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಭೂತಾನ್ 2008ರ ತನ್ನ ಸಂವಿಧಾನದಲ್ಲೇ ಅದನ್ನು ಬರೆದುಕೊಂಡಿತು. ಒಳ್ಳೆಯದೇ. ಆದರೆ ಮನೆಯ ಯಜಮಾನನನ್ನು ಕೇಳಿ ಮನೆಯವರೆಲ್ಲರ ನೆಮ್ಮದಿ ಬರೆದುಕೊಂಡರೆ ಆ ಲೆಕ್ಕ ಸುಳ್ಳು.

ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ಎರಡನೇ ವರ್ಷ ಕೈ ಮುರಿದು ಆಸ್ಪತ್ರೆ ಸೇರಿದಳು. ‘ಬಚ್ಚಲಲ್ಲಿ ಜಾರಿ ಬಿದ್ದೆ ಮೇಡಂ’ ಎಂದಳು. ಪಕ್ಕದಲ್ಲಿ ಅತ್ತೆ ನಿಂತಿದ್ದರು. ಚೀಟಿಯಲ್ಲೂ ಹಾಗೆಯೇ ಬರೆದರು. ನಾನೂ ಮತ್ತೊಮ್ಮೆ ಕೇಳಲಿಲ್ಲ. ಆ ಚೀಟಿಯೂ ದಾಖಲೆಯೇ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ಹೆಂಗಸರ ಅಸಹಜ ಸಾವುಗಳ ಕಡತಗಳನ್ನು ಬೆನ್ನುಹತ್ತಿದಾಗ ಕಂಡದ್ದೂ ಇಂಥದೇ: ‘ಸ್ಟೌ ಸಿಡಿದು ಸಾವು’ ಎಂದು ಬರೆದು ಮುಚ್ಚಿದ ಪ್ರಕರಣಗಳು. ಅವನ್ನು ಒಟ್ಟಿಗಿಟ್ಟು ಎಣಿಸಿದ ಮೇಲೆಯೇ ಅದು ಒಂದೊಂದು ಮನೆಯ ಆಕಸ್ಮಿಕವಲ್ಲ ಎಂಬುದು ಬೆಳಕಿಗೆ ಬಂತು.

ನಮ್ಮ ತಾಲ್ಲೂಕುಗಳಲ್ಲಿ ದಾಖಲೆಗಳೇ ಇಲ್ಲವೆಂದಲ್ಲ. ಠಾಣೆಯಲ್ಲಿ ದೂರು, ಆಸ್ಪತ್ರೆಯಲ್ಲಿ ಗಾಯದ ವಿವರ ಇರುತ್ತವೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ಘಟನಾ ವರದಿ ಇರುತ್ತದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ತಹಶೀಲ್ದಾರರ ಪಂಚನಾಮೆಯೂ ಉಂಟು. ನಾಲ್ಕು ಕಚೇರಿ, ನಾಲ್ಕು ಪುಸ್ತಕ. ಅವನ್ನು ಕೂಡಿಸಿ ನೋಡುವವರು ಬೇಕು.

‘ನೋವಿಗೂ ಅಂಕಿ ಬೇಕೇ?’ ಎಂದು ಕೆಲವರು ಕೇಳುತ್ತಾರೆ. ಒಬ್ಬ ಹೆಣ್ಣಿಗೆ ರಕ್ಷಣೆ ಕೊಡಲು ಅವಳ ಮಾತೊಂದೇ ಸಾಕಾಗಬೇಕು. ಅಂಕಿ ಬೇಕಿರುವುದು ಸರ್ಕಾರವನ್ನು ಕೇಳಲು: ಆಸರೆ ಮನೆಗೆ ಎಷ್ಟು ಹಣ, ಎಷ್ಟು ಸಿಬ್ಬಂದಿ? ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಈ ನಾಲ್ಕು ದಾಖಲೆಗಳನ್ನು ಹೆಸರು ಬಿಟ್ಟು ಕೂಡಿಸಿ, ತಾಲ್ಲೂಕು ಕೆ.ಡಿ.ಪಿ. ಸಭೆಯಲ್ಲಿ ಬೆಳೆ, ಕುಡಿಯುವ ನೀರಿನ ಜೊತೆಗೆ ಚರ್ಚಿಸಬೇಕು. ದೂರು ಹೆಚ್ಚಾದ ಠಾಣೆಯನ್ನು ಕೆಟ್ಟದ್ದೆನ್ನಬಾರದು. ಅಲ್ಲಿ ಹೆಂಗಸರ ಮಾತು ಕೇಳುತ್ತಿರಬಹುದು.

ನಾಲ್ಕೂ ತಾಲ್ಲೂಕುಗಳ ಗೆಳತಿಯರು ಮುಂದಿನ ಸಭೆಗೆ ಮೊದಲೇ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ನಾನು ಚಿತ್ರದುರ್ಗದಲ್ಲಿ ಹಾಕುತ್ತೇನೆ. ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗಲಾದರೂ ಕೇಳಬೇಕಾಗಿದೆ.