ಕುಡಚಿ ಬದನೆಯ ಸೀಮೆಗೂ ನೋಟಿಸ್ ಬರಲಿ

ಪೇಟೆಂಟ್, ಡಿಸೈನ್ ಮತ್ತು ಟ್ರೇಡ್ ಮಾರ್ಕ್ ಮಹಾನಿಯಂತ್ರಕರಿಗೆ, ಮುಂಬೈ



ಮೂಡಲಗಿ ತಾಲೂಕಿನ ಕುಲಗೋಡದ ಹೆಸರು ತಮ್ಮ ಕಡತಗಳಲ್ಲಿ ಸಿಗುವುದು ಕಷ್ಟ. ಉತ್ತರ ಕರ್ನಾಟಕದವರಿಗೆ ಅದು ಶ್ರೀಕೃಷ್ಣ ಪಾರಿಜಾತ ಬಯಲಾಟದ ತಮ್ಮಣ್ಣನ ಊರು. ಕಬ್ಬು, ಗೋವಿನಜೋಳದ ನಡುವೆ ಕಾಯಿಪಲ್ಲೆಯನ್ನೂ ಬೆಳೆಯುವ ಈ ಸೀಮೆಯ ರೈತರಿಗೆ, ತಮ್ಮ ಕಚೇರಿ ಪ್ರತಿ ಶುಕ್ರವಾರ ಪೇಟೆಂಟ್ ಜರ್ನಲ್ ಹೊರತರುವ ಸಂಗತಿ ತಿಳಿಯುವ ದಾರಿಯೇ ಇಲ್ಲ. ಆದರೂ ಪೇಟೆಂಟ್ ಅರ್ಜಿ ಜರ್ನಲ್‌ನಲ್ಲಿ ಅಚ್ಚಾದರೆ ಸಾಕು, ಕಾನೂನಿನ ಲೆಕ್ಕದಲ್ಲಿ ಕುಲಗೋಡಕ್ಕೂ ತಿಳಿಸಿದಂತೆಯೇ.

ಇದರಿಂದ ಯಾರಿಗೇನು ನಷ್ಟ ಎನ್ನುವವರು ಪಕ್ಕದ ರಾಯಬಾಗ ತಾಲೂಕಿನ ಕುಡಚಿಯ ಬದನೆಯ ಕಥೆ ಕೇಳಬೇಕು. ಬೆಳಗಾವಿ ಸೀಮೆಯಲ್ಲಿ ಬದನೆ ಎಂದರೆ ಎಣ್ಣೆಗಾಯಿ. ತೊಟ್ಟು ತೆಗೆಯದೆ ನಾಲ್ಕು ಸೀಳು ಮಾಡಿದ ಎಳೆಗಾಯಿ, ಒಳಗೆ ಶೇಂಗಾ, ಗುರೆಳ್ಳಿನ ಪುಡಿ, ಮಸಾಲೆ ಖಾರ, ಜೊತೆಗೆ ಜೋಳದ ರೊಟ್ಟಿ. ಇಂಥ ಕಾಯಿಯ ಬೀಜವನ್ನು ರೈತ ಕುಟುಂಬಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಕುಲಾಂತರಿ ಬಿಟಿ ಬದನೆಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಯೋಜನೆಯಲ್ಲಿ ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ‘ಕುಡಚಿ ಲೋಕಲ್’ ಕೂಡ ಒಂದಾಗಿತ್ತು. ಅದರ ಒಪ್ಪಂದ ಆದದ್ದು 2005ರಲ್ಲಿ. ಜೀವವೈವಿಧ್ಯ ಕಾಯ್ದೆಯ ಅನುಮತಿ ಪಡೆದಿಲ್ಲ, ಊರವರನ್ನು ಕೇಳಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟದ್ದು 2010ರಲ್ಲಿ. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಯೋಜನೆಯವರ ಮೇಲೆ ಕಾನೂನು ಕ್ರಮಕ್ಕೆ ತೀರ್ಮಾನಿಸಿತು.

ಅದು ಪೇಟೆಂಟ್ ಅರ್ಜಿಯ ವ್ಯಾಜ್ಯವಲ್ಲ, ನಿಜ. ಪೇಟೆಂಟ್ ಅರ್ಜಿಯೇ ಆಗಿದ್ದರೂ ಊರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

ಹಾಗೆಂದು 1970ರ ಪೇಟೆಂಟ್ ಕಾಯ್ದೆ ಕಣ್ಣು ಮುಚ್ಚಿಕೊಂಡಿಲ್ಲ. ಜೈವಿಕ ವಸ್ತುವನ್ನು ಬಳಸಿದ ಅರ್ಜಿದಾರ ಅದು ಎಲ್ಲಿಯದು, ಯಾವ ಪ್ರದೇಶದ್ದು ಎಂದು ತಿಳಿಸಬೇಕು ಎನ್ನುತ್ತದೆ 10ನೇ ಕಲಂ. ಅದನ್ನು ಮುಚ್ಚಿಟ್ಟರೆ, ಇಲ್ಲವೇ ಆ ತಿಳಿವಳಿಕೆ ಯಾವುದೇ ಸಮುದಾಯದಲ್ಲಿ ಬಾಯಿಮಾತಿನಲ್ಲಾದರೂ ಮೊದಲೇ ಇದ್ದರೆ, ಪೇಟೆಂಟ್ ಸಿಗುವ ಮುನ್ನ ಯಾರು ಬೇಕಾದರೂ ಆಕ್ಷೇಪಿಸಬಹುದು ಎನ್ನುತ್ತದೆ 25ನೇ ಕಲಂ. ಅದಕ್ಕೆಂದೇ ಪ್ರಕಟಣೆಯಾದ ಆರು ತಿಂಗಳ ತನಕ ಪೇಟೆಂಟ್ ಕೊಡುವಂತಿಲ್ಲ. ಆದರೆ ಕಚೇರಿಯ ಕಾಗದಪತ್ರವೆಲ್ಲ ಇಂಗ್ಲಿಷ್ ಅಥವಾ ಹಿಂದಿ. 2024ರ ತಿದ್ದುಪಡಿಯ ನಂತರ ಆಕ್ಷೇಪಕ್ಕೆ ಶುಲ್ಕ ಬೇರೆ. ಬದನೆ ಬೆಳೆದವನಿಗೆ ಈ ಹಕ್ಕು ಕಾಗದದ ಮೇಲಷ್ಟೇ ಉಳಿದಿದೆ.

ಪೇಟೆಂಟ್‌ಗೆ ತಾನೇ ಅರ್ಜಿ ಹಾಕಿದವನ ಪಾಡೂ ಹಗುರವಲ್ಲ. ಕಚೇರಿಯ ಪರೀಕ್ಷಾ ವರದಿಗೆ ಉತ್ತರಿಸಲು ಅದು ಹೊರಟ ದಿನದಿಂದ ಆರು ತಿಂಗಳು, ಕೇಳಿಕೊಂಡರೆ ಇನ್ನು ಮೂರು ತಿಂಗಳು. ಅಷ್ಟರಲ್ಲಿ ಉತ್ತರ ಹೋಗದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು 21ನೇ ಕಲಂ ತೀರ್ಮಾನಿಸಿಬಿಡುತ್ತದೆ. ಆ ನೋಟಿಸ್ ಅರ್ಜಿದಾರನ ಪೇಟೆಂಟ್ ಏಜೆಂಟರ ಬಳಿಯೇ ನಿಂತುಹೋದರೆ? ಯುರೋಪಿಯನ್ ಯೂನಿಯನ್‌ಗೇ ಹಾಗಾಗಿದೆ. ಏಜೆಂಟರು ವರದಿಗೆ ಉತ್ತರ ಕೊಡದೆ ಅದರ ಅರ್ಜಿಗಳು ಬಿದ್ದುಹೋದವು. ಕೈಬಿಡುವ ಉದ್ದೇಶ ಅರ್ಜಿದಾರರಿಗೆ ಇರಲಿಲ್ಲವೆಂದು 2022ರಲ್ಲಿ ದೆಹಲಿ ಹೈಕೋರ್ಟ್ ಅವುಗಳಿಗೆ ಮರುಜೀವ ಕೊಡಬೇಕಾಯಿತು. ಹಲವು ದೇಶಗಳ ಒಕ್ಕೂಟಕ್ಕೆ ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿಯಿತ್ತು. ಕಬ್ಬು ನಾಟಿಯ ಯಂತ್ರ ಕಟ್ಟಿದ ಮೂಡಲಗಿಯ ಕಮ್ಮಾರ ಎಲ್ಲಿಗೆ ಹೋಗಬೇಕು?

ಆದ್ದರಿಂದ ತಮ್ಮಲ್ಲಿ ಕೋರಿಕೆ ಎರಡು. ಏಜೆಂಟರಿಗೆ ಕಳಿಸುವ ಪ್ರತಿ ನೋಟಿಸಿನ ಸಾರ, ಕೊನೆಯ ದಿನಾಂಕದ ಸಮೇತ, ಅರ್ಜಿದಾರನ ಮೊಬೈಲಿಗೂ ಮನೆ ವಿಳಾಸಕ್ಕೂ ಅವನ ಭಾಷೆಯಲ್ಲೇ ಹೋಗಲಿ. ಎರಡನೆಯದು ಇನ್ನೂ ಮುಖ್ಯ: ಅರ್ಜಿಯಲ್ಲಿ ಒಂದು ಊರನ್ನೋ ತಾಲೂಕನ್ನೋ ಜೈವಿಕ ವಸ್ತುವಿನ ಮೂಲವೆಂದು ಬರೆದಿದ್ದರೆ, ಅದು ಪ್ರಕಟವಾದ ವಾರವೇ ಅಲ್ಲಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಬರಲಿ, ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಲಿ. ಸಮಿತಿ ಹಾಕುವ ಆಕ್ಷೇಪಕ್ಕೆ ಶುಲ್ಕ ಬೇಡ.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿಂದಲೇ ಇದನ್ನು ಶುರುಮಾಡಿಸಬೇಕೆಂದು ವಿನಂತಿ.