ಗೇರ್‌ಬಾಕ್ಸ್ ಬಿಚ್ಚುವವರು ಯಾರು, ಜೋಡಿಸುವವರು ಯಾರು?

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ 61 ದಿನ ಮಲ್ಪೆ, ಮಂಗಳೂರು, ಗಂಗೊಳ್ಳಿ ಬಂದರುಗಳಲ್ಲಿ ಬೋಟ್‌ಗಳು ಸಾಲಾಗಿ ನಿಲ್ಲುತ್ತವೆ. ಬಲೆ ರಿಪೇರಿ, ಪೇಂಟಿಂಗ್, ಎಂಜಿನ್ ಕೆಲಸ ಎಲ್ಲವೂ ಈ ರಜೆಯಲ್ಲೇ ಮುಗಿಯಬೇಕು. ಬೋಟ್ ಇರುವ ಮನೆಗಳಲ್ಲಿ ಆಗ ಒಂದು ಚರ್ಚೆ ಏಳುತ್ತದೆ: ಗೇರ್‌ಬಾಕ್ಸ್ ಸ್ಲಿಪ್ ಆಗುತ್ತಿದೆ, ಮೆಕ್ಯಾನಿಕ್‌ಗೆ ಕೊಡುವುದೋ, ನಾವೇ ಬಿಚ್ಚುವುದೋ? ಮನೆಯಲ್ಲಿ ಐಟಿಐ, ಡಿಪ್ಲೊಮಾ ಓದಿದ ಮಗನಿದ್ದರೆ ಮುಗಿಯಿತು. ‘ಇಷ್ಟು ಓದಿಸಿದ್ದು ಯಾಕೆ ಮತ್ತೆ?’ ಎಂಬ ಮಾತು ಬಂದೇ ಬರುತ್ತದೆ.

ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿಯಾಗಿ ನನ್ನ ಅಭಿಪ್ರಾಯ ಇಷ್ಟೇ: ದೋಷ ಹುಡುಕುವ ಕೆಲಸ ನಮ್ಮದು, ಒಳಗಿನ ಜೋಡಣೆ ಪರಿಣತರದ್ದು.

ಬೋಟಿನ ಗೇರ್‌ಬಾಕ್ಸ್ ಕಾರಿನದರಂತಲ್ಲ. ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದ್ದರೆ, 3:1 ಅನುಪಾತದ ಗೇರ್‌ಬಾಕ್ಸ್ ಪ್ರೊಪೆಲ್ಲರನ್ನು 600 ಸುತ್ತು ತಿರುಗಿಸುತ್ತದೆ. ಬೋಟ್ ಮುಂದೆ ಹೋಗುವುದು, ಹಿಂದೆ ಬರುವುದು ಎರಡೂ ಅದರ ಕ್ಲಚ್ ಪ್ಲೇಟ್‌ಗಳನ್ನು ಅವಲಂಬಿಸಿದೆ. ಜೊತೆಗೆ, ಪ್ರೊಪೆಲ್ಲರ್ ಇಡೀ ಬೋಟನ್ನು ಮುಂದಕ್ಕೆ ತಳ್ಳುವ ಬಲವನ್ನು ಸಾಮಾನ್ಯವಾಗಿ ತಡೆದುಕೊಳ್ಳುವುದು ಇದರೊಳಗಿನ ಥ್ರಸ್ಟ್ ಬೇರಿಂಗ್.

ಹಾಗಾದರೆ ನಾವು ಏನು ಮಾಡಬಹುದು? ಬಹಳಷ್ಟಿದೆ. ಮೊದಲು ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ. ಆಯಿಲ್ ಕೂಲರ್ ಲೀಕ್ ಆಗಿರಬಹುದು. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಮೇಲೆ ಅನುಮಾನ. ಲೋಹದ ಚೂರು ಸಿಕ್ಕರೆ ಬೇರಿಂಗ್ ಅಥವಾ ಗೇರ್ ಸವೆಯುತ್ತಿದೆ. ಆಯಿಲ್ ಮಟ್ಟ, ಫಿಲ್ಟರ್ ನೋಡಿ. ಕಂಟ್ರೋಲ್ ಕೇಬಲ್ ಸಡಿಲವಾಗಿ ಲಿವರ್ ಪೂರ್ತಿ ಬೀಳದಿದ್ದರೂ ಗೇರ್ ಸ್ಲಿಪ್ ಆಗುತ್ತದೆ. ಅಂಥ ಕಡೆ ಕೇಬಲ್ ಸರಿ ಮಾಡಿದರೆ ಸಾಕು, ಗೇರ್‌ಬಾಕ್ಸ್ ಬಿಚ್ಚುವ ಅಗತ್ಯವೇ ಇಲ್ಲ. ಬಿಚ್ಚಲೇಬೇಕಾದರೆ ಕಪ್ಲಿಂಗ್ ಕಳಚುವುದು, ಹೊರಗೆ ಎತ್ತುವುದು, ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಕೂಲಿ ಅಷ್ಟು ಉಳಿಯುತ್ತದೆ.

ಅಲ್ಲಿಂದ ಮುಂದೆ ಅಳತೆಯ ಲೋಕ. ಬೇರಿಂಗ್ ಹಿಂದಿನ ಶಿಮ್, ಕ್ಲಚ್ ಪ್ಲೇಟ್‌ಗಳ ನಡುವಿನ ಅಂತರ ಇವೆಲ್ಲ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ಡಯಲ್ ಗೇಜ್, ಹೈಡ್ರಾಲಿಕ್ ಪ್ರೆಸ್, ಆಯಿಲ್ ಪ್ರೆಶರ್ ಗೇಜ್ ಬೇಕು. ಆ ಮಾಡೆಲ್‌ನ ಅಳತೆಗಳೂ ಗೊತ್ತಿರಬೇಕು. ವಿಡಿಯೊ ನೋಡಿದರೆ ಯಾವ ಭಾಗದ ನಂತರ ಯಾವ ಭಾಗ ಎಂಬುದು ತಿಳಿಯುತ್ತದೆ. ಬೇರಿಂಗ್ ಎಷ್ಟು ಬಿಗಿಯಾಗಿದೆ ಎಂಬುದು ಕೈಗೇ ತಿಳಿಯಬೇಕು.

ತಪ್ಪು ಜೋಡಣೆ ದಕ್ಕೆಯಲ್ಲಿ ನಿಂತಾಗ ಕಾಣುವುದಿಲ್ಲ. ಬಲೆ ಎಳೆಯುವ ಭಾರ ಬಿದ್ದು ಗಂಟೆಗಟ್ಟಲೆ ಓಡಿದ ಮೇಲೆ ಬೇರಿಂಗ್ ಬಿಸಿಯಾಗುತ್ತದೆ. ರಸ್ತೆಯಲ್ಲಾದರೆ ಗಾಡಿ ಬದಿಗೆ ನಿಲ್ಲಿಸಬಹುದು. ಆಳಸಮುದ್ರದಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಎಂಜಿನ್ ಓಡುತ್ತಿದ್ದರೂ ಬೋಟ್ ಗಾಳಿ ಬಂದತ್ತ ತೇಲುತ್ತದೆ. ಇನ್ನೊಂದು ಬೋಟ್ ಬಂದು ಎಳೆಯುವವರೆಗೆ ಐಸ್ ಕರಗುತ್ತದೆ, ಹಿಡಿದ ಮೀನು ಹಾಳಾಗುತ್ತದೆ. ತಂಡೇಲ ಮತ್ತು ಕಲಾಸಿಗಳ ಜೀವವಂತೂ ಲೆಕ್ಕಕ್ಕೆ ಸಿಗದ್ದು.

‘ಹಳೆಯ ಮೆಕ್ಯಾನಿಕ್‌ಗಳು ಯಾವ ಕಾಲೇಜಿಗೆ ಹೋಗಿದ್ದರು?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಅವರು ಗುರುವಿನ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಪಾನಾ ಹಿಡಿದವರು. ನಮಗೂ ಆ ದಾರಿ ತೆರೆದಿದೆ. ಕೆಲಸ ಮೆಕ್ಯಾನಿಕ್‌ಗೆ ಕೊಡಿ, ಆದರೆ ಕೊಟ್ಟು ಮನೆಗೆ ಬರಬೇಡಿ. ಪಕ್ಕದಲ್ಲಿ ನಿಲ್ಲಿ, ಅಳತೆ ಬರೆದುಕೊಳ್ಳಿ, ಹಳೆಯ ಪ್ಲೇಟ್ ಕೇಳಿ ಪಡೆಯಿರಿ, ಏಕೆ ಕೆಟ್ಟಿತು ಎಂದು ವಿಚಾರಿಸಿ. ಕೂಲರ್ ಲೀಕ್ ಉಳಿಸಿಕೊಂಡು ಪ್ಲೇಟ್ ಮಾತ್ರ ಬದಲಿಸಿದರೆ ಮುಂದಿನ ವರ್ಷವೂ ಅದೇ ಖರ್ಚು. ಬೋಟ್ ನೀರಿಗಿಳಿದ ಮೇಲೆ ಅದರ ಮೈ ತುಸು ಬಾಗುವುದರಿಂದ ಕಪ್ಲಿಂಗಿನ ಅಲೈನ್‌ಮೆಂಟ್ ನೀರಿನಲ್ಲೇ ಮತ್ತೊಮ್ಮೆ ನೋಡಬೇಕು ಎಂಬಂಥ ಪಾಠ ಹೀಗೆ ನಿಂತವರಿಗೇ ಸಿಗುತ್ತದೆ.

ಕೆಲಸ ಹುಡುಕುವ ಗೆಳೆಯರು ಇದನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಎಲ್ಲ ಬೋಟ್‌ಗಳ ರಿಪೇರಿಯೂ ಎರಡೇ ತಿಂಗಳಲ್ಲಿ ಮುಗಿಯಬೇಕಾದ ಬಂದರಿನಲ್ಲಿ ನಂಬಿಕಸ್ಥ ಕೈಗೆ ಬೇಡಿಕೆ ಇದ್ದೇ ಇರುತ್ತದೆ. ಎರಡು ಮೂರು ಮಳೆಗಾಲ ಹೀಗೆ ಕಲಿತವನು ಮನೆಯ ಬೋಟ್ ಜೊತೆ ಊರಿನ ಬೋಟನ್ನೂ ಜೋಡಿಸಬಲ್ಲ. ಅಲ್ಲಿಯವರೆಗೆ ಗೊತ್ತಿರುವವರಿಗೆ ಹಣ ಕೊಡುವುದರಲ್ಲಿ ನಮ್ಮ ಓದಿಗೆ ಯಾವ ಅವಮಾನವೂ ಇಲ್ಲ. ಆಗಸ್ಟ್‌ನಲ್ಲಿ ಆ ಬೋಟ್ ಏರಿ ಕಡಲಿಗೆ ಹೋಗುವವರು ನಮ್ಮ ಅಪ್ಪ, ಅಣ್ಣಂದಿರೇ.